ಮದುಮಗಳ ದೆವ್ವಕ್ಕೆ ನಾನು ತಲೆಬಾಗಿದ್ದು

ನನ್ನ ಗಂಟಲಿನ ಬಗ್ಗೆ ಊರಿನಲ್ಲಿ ಎರಡು ಮಾತಿಲ್ಲ. ಕಸುಮಿ ಬಂದರಿನ ಮೀನು ಹರಾಜಿನಲ್ಲಿ ನಾನು ಬಾಯಿ ತೆರೆದರೆ ದಕ್ಕೆಯ ಮೇಲಿನ ಕಡಲಹಕ್ಕಿಗಳು ಎದ್ದು ಹೋಗಿ ಪಕ್ಕದ ಊರಿನಲ್ಲಿ ಕೂರುತ್ತವೆ. ಹರಾಜು ಮುಗಿದ ಮೇಲೂ ಬಾಯಿ ಮುಚ್ಚುವುದಿಲ್ಲ ಎಂಬುದು ನನ್ನ ಹೆಂಡತಿ ಸುಮಿಯೆಯ ದೂರು. ಊಟಕ್ಕೆ ಕೂತು ನಾನು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಾರಂತೆ. (ಒಂದೇ ಒಂದು ಸಲ ತಂದಿದ್ದರು. ಅದನ್ನೇ ಹಿಡಿದುಕೊಂಡಿದ್ದಾಳೆ.) ಇಂಥ ಗಂಟಲನ್ನು ನಾನು ಜೀವಮಾನದಲ್ಲಿ ಒಂದು ದಿನ ಕಟ್ಟಿಹಾಕಿದೆ. ನೋಡಿದರೆ ಅದು ಬೇಕಾಗಿದ್ದದ್ದೇ ಆ ದಿನ. ಈ ಹೊಟ್ಟೆಯುರಿಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನೀವು ಸಿಕ್ಕಿದ್ದೀರಿ, ಕೇಳಿ.

ನಮಗೆ ಒಬ್ಬಳೇ ಮಗಳು, ಚಿಹೊ. ಓಸಾಕಾದಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ. ಅಪ್ಪನ ಗುಣ ಚೂರೂ ಬಂದಿಲ್ಲ, ತಾಯಿಯ ಹಾಗೆ ಮೆಲುದನಿ ಎಂದು ಊರೆಲ್ಲ ಹೊಗಳುತ್ತಿತ್ತು. ನಾನೂ ಹೊಗಳುತ್ತಿದ್ದೆ, ಸ್ವಲ್ಪ ಜೋರಾಗಿ. ಹಿಂದೆ ಒಮ್ಮೆ ಬ್ಯಾಂಕಿನ ಹುಡುಗನೊಬ್ಬನನ್ನು ಮನೆಗೆ ಕರೆತಂದಿದ್ದಳು. ಅವನು ಊಟಕ್ಕೆ ಕೂತು ಸುಟ್ಟ ಮೀನಿನ ಮೇಲುಭಾಗ ತಿಂದ, ಅಡಿಭಾಗ ಹಾಗೇ ಬಿಟ್ಟ. ಮುಳ್ಳು ಎತ್ತಿ ಕೆಳಗಿನದನ್ನೂ ತಿನ್ನಬೇಕೆಂದು ಗೊತ್ತಿಲ್ಲದವನಿಗೆ ಮಗಳನ್ನು ಹೇಗೆ ಕೊಡುವುದು? “ಇನ್ನರ್ಧ ಮೀನು ನಿಂಗೇನು ದ್ರೋಹ ಮಾಡಿತ್ತು?” ಎಂದೆ. ಅಷ್ಟೇ ಅಂದದ್ದು. ಅವನು ಹೊರಟ ರಭಸಕ್ಕೆ ಒಂದು ಬೂಟು ನಮ್ಮ ಬಾಗಿಲಲ್ಲೇ ಉಳಿಯಿತು.

ಹಾಗಾಗಿ ಈ ಬೇಸಗೆಯಲ್ಲಿ ಚಿಹೊ ಫೋನ್ ಮಾಡಿ, “ಇನ್ನೊಬ್ಬರಿದ್ದಾರೆ, ಹೆಸರು ಶುಂಪೆ, ಈ ಸಲ ನೀವೇ ಇಲ್ಲಿಗೆ ಬನ್ನಿ” ಎಂದಾಗ ಸುಮಿಯೆ ನನ್ನ ಎದುರು ಬಂದು ಮೊಣಕಾಲೂರಿ ಕೂತಳು. ಅವಳು ಹಾಗೆ ಕೂತರೆ ನಾನು ಟಿವಿ ಆರಿಸಿಬಿಡುತ್ತೇನೆ.

“ರೀ, ಇವನೂ ಓಡಿಹೋದ್ರೆ ಚಿಹೊ ಇನ್ನು ಯಾರನ್ನೂ ನಮಗೆ ತೋರಿಸಲ್ಲ. ತಾನೇ ಮದುವೆ ಮಾಡ್ಕೊಂಡು ಒಂದು ಫೋಟೊ ಕಳಿಸ್ತಾಳೆ. ಅದನ್ನ ಗೋಡೆಗೆ ಹಾಕ್ಕೊಂಡು ಅದರ ಮುಂದೆ ಕೂಗಾಡಿ.”

“ನಾನೆಲ್ಲಿ ಕೂಗಾಡ್ತೀನಿ?” ಎಂದು ಕೂಗಾಡಿದೆ.

“ಅವತ್ತೊಂದು ದಿನ. ಊರು ಬಿಟ್ಟಾಗಿಂದ ಊರು ಸೇರೋವರೆಗೆ ದನಿ ಎತ್ತಬಾರದು. ಪ್ರಮಾಣ ಮಾಡಿ.”

“ಹುಡುಗ ಏನು ಕೆಲಸ ಮಾಡ್ತಾನೆ, ಅದನ್ನ ಹೇಳು ಮೊದಲು.”

“ಮೊದಲು ಪ್ರಮಾಣ.”

ಹಿರಿಯರ ಗೂಡಿನ ಮುಂದೆ, ನಮ್ಮಪ್ಪನ ಫೋಟೊ ಸಾಕ್ಷಿಯಾಗಿ, ಆ ಘೋರ ಪ್ರತಿಜ್ಞೆ ಮಾಡಿದೆ. (ನಮ್ಮಪ್ಪನ ಗಂಟಲು ನನ್ನದಕ್ಕಿಂತ ದೊಡ್ಡದು. ಫೋಟೊದಲ್ಲೂ ಬಾಯಿ ತೆರೆದೇ ಇದೆ.) ಆಮೇಲೆ ಸುಮಿಯೆ ನಿಧಾನವಾಗಿ ಹೇಳಿದಳು:

“ದೆವ್ವ.”

“ಏನು?”

“ದೆವ್ವದ ಕೆಲಸ. ಓಸಾಕಾದ ದೆವ್ವದ ಮನೇಲಿ ಜನರನ್ನ ಹೆದರಿಸ್ತಾನಂತೆ. ಅಲ್ಲಿಗೇ ಬಂದು ನೋಡಿ ಅಂದಿದ್ದಾಳೆ.”

ಪ್ರಮಾಣ ಆಗಿಹೋಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ. ಬೇಸಗೆಯಲ್ಲಿ ನಮ್ಮ ಜನಕ್ಕೆ ಕಲ್ಲಂಗಡಿ, ಬೀಸಣಿಗೆ ಸಾಲದು, ಬೆನ್ನಹುರಿಯಲ್ಲಿ ಚಳಿ ಹುಟ್ಟಲು ದೆವ್ವವೂ ಬೇಕು, ಅದು ಗೊತ್ತು. ಆದರೆ ಮುಂದಿನ ವಾರವೇ ಓಬೋನ್ ಹಬ್ಬ. ಬಾಗಿಲಲ್ಲಿ ದೀಪ ಹಚ್ಚಿಟ್ಟರೆ ಸತ್ತ ನಮ್ಮ ಹಿರಿಯರೆಲ್ಲ ಪುಕ್ಕಟೆಯಾಗಿ ಮನೆಗೇ ಬರುತ್ತಾರೆ. ಅಷ್ಟರೊಳಗೆ ಟಿಕೆಟ್ ತೆಗೆದು ಬೇರೆಯವರ ದೆವ್ವ ನೋಡಿಬರುವ ಹಣೆಬರಹ ನನಗೆ.

ಆ ದೆವ್ವದ ಮನೆ ಓಸಾಕಾದ ಒಂದು ದೊಡ್ಡ ಅಂಗಡಿ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ಲಿಪ್‌ಸ್ಟಿಕ್ ಮಾರುತ್ತಾರೆ, ಮೇಲೆ ಸಾಯುತ್ತಾರೆ. ಬಾಗಿಲಲ್ಲಿ ಚಿಹೊ ಕಾಯುತ್ತಿದ್ದಳು. ಅವಳ ಪಕ್ಕದಲ್ಲೇ ಸಣ್ಣ ದೇಹದ ಒಬ್ಬ ಹೆಂಗಸು, ಕನ್ನಡಕವನ್ನು ಹಣೆಗೇರಿಸಿ, ಬೀಸಣಿಗೆ ಆಡಿಸುತ್ತ, ಸಾಲಾಗಿಟ್ಟ ಟಿವಿಗಳ ಮುಂದೆ ಕೂತಿದ್ದಳು. ಇಡೀ ಮನೆಯ ಯಜಮಾನಿ, ಮರ್ಯಾದೆಗೆ ಎಲ್ಲರೂ ಕುರಾಮೊಚಿ ಸಾನ್ ಎನ್ನುವವಳು. ಒಳಗೆ ಯಾವ ದೆವ್ವ ಹೇಗೆ ಹೆದರಿಸುತ್ತದೆ, ಯಾರು ಎಷ್ಟು ಕಿರುಚುತ್ತಾರೆ ಎಂದು ಟಿವಿಯಲ್ಲಿ ನೋಡುವುದೇ ಅವಳ ಕೆಲಸ.

“ಅಪ್ಪ,” ಎಂದಳು ಚಿಹೊ ಮೆಲ್ಲಗೆ, “ಶುಂಪೆಯ ಕೆಲಸ ಖಾಯಂ ಆಗತ್ತೋ ಇಲ್ವೋ ಅಂತ ಕುರಾಮೊಚಿ ಸಾನ್ ಇವತ್ತು ನಿರ್ಧಾರ ಮಾಡ್ತಾರೆ. ಆಗದಿದ್ರೆ ಶುಂಪೆ ಕಾಗೊಶಿಮಾಗೆ ಅಣ್ಣನ ಅಂಗಡಿಗೆ ವಾಪಸ್ ಹೋಗ್ಬೇಕು. ದೇಶದ ಆ ತುದಿ. ಆಮೇಲೆ ಮದುವೆ ಮಾತೇ ಇಲ್ಲ.”

“ನಾನೇನು ಮಾಡ್ಬೇಕಮ್ಮ?”

ಚಿಹೊ ಯಜಮಾನಿಯ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಬೀಸಣಿಗೆಯ ಗಾಳಿ ನಮಗೇ ಬಡಿಯುವಷ್ಟು ಹತ್ತಿರದಲ್ಲಿದ್ದಳು ಆ ಹೆಂಗಸು. “ಏನೂ ಮಾಡ್ಬೇಡಿ. ಮನೇಲಿ ಹೇಗಿರ್ತೀರೋ ಹಾಗೇ ಇರಿ. ಚೂರೂ ಕಮ್ಮಿ ಮಾಡ್ಬೇಡಿ.”

ಸುಮಿಯೆ ನನ್ನ ತೋಳು ಚಿವುಟಿ ಪಕ್ಕಕ್ಕೆಳೆದಳು. “ಕೇಳಿಸ್ತಾ? ಎಷ್ಟು ನಾಜೂಕಾಗಿ ಹೇಳಿದ್ಲು! ಬಾಯಿ ಬಿಡಬೇಡಿ ಅಂತ ಅರ್ಥ.”

“ಇರೋ ಹಾಗೇ ಇರಿ ಅಂದ್ಲಲ್ಲೇ.”

“ನೀವು ಇರೋ ಹಾಗೆ ಇರಿ ಅಂತ ಬುದ್ಧಿ ಇರೋರು ಯಾರಾದ್ರೂ ಹೇಳ್ತಾರಾ?”

ನಮ್ಮಲ್ಲಿ ಮರ್ಯಾದಸ್ಥರು ಯಾವುದನ್ನೂ ನೆಟ್ಟಗೆ ಹೇಳುವುದಿಲ್ಲ. ನೆಂಟರ ಮನೆಯಲ್ಲಿ ‘ಇನ್ನೊಂದು ಲೋಟ ಟೀ ಕುಡಿತೀರಾ’ ಎಂದರೆ ಎದ್ದು ಹೋಗಿ ಎಂದು ಅರ್ಥ. ನಾನು ಎಂಟನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನಾದರೂ ಅಷ್ಟು ಬಲ್ಲೆ. ಚಿಹೊಗೆ ತಲೆಯಾಡಿಸಿ, ಗಂಭೀರವಾಗಿ ಬೂಟು ಬಿಚ್ಚಿದೆ.

ಬೂಟು ಬಿಚ್ಚಿಸಿ ಒದ್ದೆ ಚಾಪೆಯ ಮೇಲೆ ಕಾಲುಚೀಲದಲ್ಲಿ ನಡೆಸುವುದೇ ಆ ಮನೆಯ ಮೊದಲ ಕುತಂತ್ರ. ಎರಡನೆಯದು, ಒಳಗೆ ಹೋಗುವವರ ಕೈಗೆ ಒಂದು ಕೆಲಸ ಕೊಡುವುದು. ನನ್ನ ಕೈಗೆ ಒಂದು ಮರದ ಬಾಚಣಿಗೆ ಕೊಟ್ಟರು. ಮದುವೆಗೆ ಮುಂಚೆ ಸತ್ತ ಹೆಣ್ಣೊಬ್ಬಳ ಬಾಚಣಿಗೆಯಂತೆ. ಯಾರೋ ಕದ್ದರಂತೆ. ಅವಳು ತಲೆ ಕೆದರಿಕೊಂಡು ಅಲೆಯುತ್ತಿದ್ದಾಳೆ, ಕೊನೆಯ ಕೋಣೆಯಲ್ಲಿ ಅವಳ ಕೈಗೇ ಮುಟ್ಟಿಸಿ ಬರಬೇಕು. ಸರಿ, ಎಂದು ಸುಮಿಯೆಯನ್ನು ಹಿಂದಿಟ್ಟುಕೊಂಡು ಕತ್ತಲಿಗೆ ಕಾಲಿಟ್ಟೆ.

ನಾಲ್ಕು ಹೆಜ್ಜೆ ಹೋಗಿಲ್ಲ, ಗೋಡೆಯ ಬುಡದಿಂದ ಒಂದು ತಣ್ಣನೆಯ ಕೈ ಬಂದು ನನ್ನ ಪಾದ ಹಿಡಿಯಿತು. ಬೇರೆ ದಿನವಾಗಿದ್ದರೆ ನಾನು ಹಾಕುವ ಬೊಬ್ಬೆಗೆ ಆ ಗೋಡೆಯೇ ಎದ್ದು ಹೋಗುತ್ತಿತ್ತು. ಬೊಬ್ಬೆ ಹೊಟ್ಟೆಯಿಂದ ಹೊರಟು ಎದೆ ದಾಟಿ ಗಂಟಲಿಗೆ ಬಂತು. ಕುತ್ತಿಗೆಗೆ ಸುತ್ತಿದ್ದ ಟವೆಲ್ಲನ್ನು ಕಚ್ಚಿ ಹಿಡಿದೆ. ಅದು ಕೆಳಗಿಳಿದ ಮೇಲೆ ಹೇಳಿದೆ: “ಕ್ಷಮಿಸಿ, ನಿಮ್ಮ ಕೈ ತುಳಿದುಬಿಟ್ಟೆನೇ?”

ಕೈ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ‘ಪರವಾಗಿಲ್ಲ’ ಎನ್ನುವಂತೆ ಅಲ್ಲಾಡಿ ಒಳಗೆ ಹೋಯಿತು.

ಮುಂದೆ ಒಂದು ಬಾವಿ. ಅದರೊಳಗಿಂದ ರಕ್ತ ಸುರಿಯುವ ತಲೆಯೊಂದು ಊಳಿಡುತ್ತ ಎದ್ದಿತು. “ಅಯ್ಯೋ ಪಾಪ, ಇಷ್ಟು ಸೆಖೇಲಿ ಅದರೊಳಗೆ ಕೂತಿದ್ದೀರಲ್ಲ,” ಎಂದೆ. “ತುಂಬ ಕಷ್ಟದ ಕೆಲಸ ನಿಮ್ಮದು.” ತಲೆಯ ಊಳು ಅರ್ಧಕ್ಕೆ ನಿಂತಿತು. “ಬೆನ್ನು ಹಿಡ್ಕೊಳತ್ತೆ ಸಾರ್,” ಎಂದು ಪಿಸುಗುಟ್ಟಿ ಮುಳುಗಿತು.

“ಭಲೇ,” ಎಂದಳು ಸುಮಿಯೆ ಬೆನ್ನಹಿಂದೆ.

“ನಿಂಗೆ ಹೆದರಿಕೆ ಆಗ್ತಿಲ್ವೇನೇ?”

“ನಿಮ್ಮ ಜೊತೆ ಬಾಳಿದವಳಿಗೆ ಇವರೆಲ್ಲ ಯಾವ ಲೆಕ್ಕ.”

ಕೊನೆಯ ಕೋಣೆಗೆ ಬಂದೆವು. ಒಂದೇ ಒಂದು ಮಿಣುಕು ದೀಪ. ಬಿಳಿ ಕಿಮೊನೊ ಉಟ್ಟ ಮದುಮಗಳು, ಕೂದಲು ನೆಲದವರೆಗೆ ಇಳಿಬಿಟ್ಟುಕೊಂಡು, ಚಾಪೆಯ ಮೇಲೆ ತೆವಳುತ್ತ ನಮ್ಮ ಕಡೆ ಬಂದಳು. “ನನ್ನ ಬಾಚಣಿಗೆ ಎಲ್ಲಿ... ಎಲ್ಲಿಟ್ಟಿದ್ದೀಯ...” ಎಂದು ಉಗುರಿನಿಂದ ಚಾಪೆ ಕೆರೆದಳು. ನಿಜ ಹೇಳುತ್ತೇನೆ, ಅದು ಅದ್ಭುತವಾಗಿತ್ತು. ಟವೆಲ್ಲನ್ನು ಇನ್ನೊಮ್ಮೆ ಕಚ್ಚಿದೆ. ಅಷ್ಟರಲ್ಲಿ ಸುಮಿಯೆ ಕಿವಿಯಲ್ಲಿ ಅಂದಳು: “ಇವನೇ ರೀ! ಚಿಹೊ ಹೇಳಿದ್ಲು. ಕೊನೇ ಕೋಣೆ ಮದುಮಗಳೇ ಶುಂಪೆ!”

ಹೆಣ್ಣಿನ ತಂದೆ ಅಳಿಯನಾಗುವವನನ್ನು ಮೊದಲ ಬಾರಿ ಕಂಡಾಗ ಏನು ಮಾಡಬೇಕೆಂದು ನಮ್ಮ ತಾತ ಮುತ್ತಾತಂದಿರು ಗೊತ್ತುಮಾಡಿಟ್ಟಿದ್ದಾರೆ. ಅವನು ಮದುಮಗಳ ಕಿಮೊನೊ ಸುತ್ತಿ ಬಾಯಲ್ಲಿ ರಕ್ತ ಸುರಿಸುತ್ತಿದ್ದರೆ ಏನು ಮಾಡಬೇಕೆಂದು ಹೇಳಿಲ್ಲ. ನಾನು ಇದ್ದ ಪದ್ಧತಿಯನ್ನೇ ಹಿಡಿದೆ. ಮೊಣಕಾಲೂರಿ, ಎರಡೂ ಕೈ ಚಾಪೆಗೆ ಹಚ್ಚಿ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿದೆ.

“ನಾನು ಚಿಹೊಳ ತಂದೆ. ಮೊದಲ ಸಲ ಭೇಟಿ ಆಗ್ತಿದ್ದೀವಿ. ನಮ್ಮ ಹುಡುಗಿಗೆ ಲೋಕಜ್ಞಾನ ಕಮ್ಮಿ. ದಯವಿಟ್ಟು ಅವಳನ್ನ ಚೆನ್ನಾಗಿ ನೋಡ್ಕೊಳ್ಳಿ.” ಚೀಲದಿಂದ ಊರಿನ ಒಣಗಿಸಿದ ಬೊಂಡಾಸ್ ಮೀನಿನ ಪೊಟ್ಟಣ ತೆಗೆದು, ಅದರ ಮೇಲೆ ಬಾಚಣಿಗೆ ಇಟ್ಟು, ಎರಡೂ ಕೈಯಲ್ಲಿ ಮುಂದೆ ಚಾಚಿದೆ.

ದೆವ್ವ ಕಲ್ಲಾಯಿತು. ಹುಡುಗ ಒಳ್ಳೆಯ ಮನೆಯಲ್ಲಿ ಬೆಳೆದವನು, ಅದೇ ಅವನ ಗ್ರಹಚಾರ. ತೆವಳುವುದನ್ನು ಬಿಟ್ಟು ನೆಟ್ಟಗೆ ಮೊಣಕಾಲ ಮೇಲೆ ಕೂತ. ಕಿಮೊನೊದ ಅಂಚು ಎಳೆದು ಸರಿಮಾಡಿಕೊಂಡ. “ನಾ... ನಾನು ಶುಂಪೆ. ನಾನೇ ಮೊದಲು ನಿಮ್ಮೂರಿಗೆ ಬಂದು ಕಾಣಬೇಕಿತ್ತು. ದೊಡ್ಡ ತಪ್ಪಾಯ್ತು,” ಎಂದು ಹಣೆ ನೆಲಕ್ಕೆ ಹಚ್ಚಿದ. ತಲೆ ಎತ್ತಿದಾಗ ಕೂದಲಿನ ರಾಶಿ ಚಾಪೆಯ ಮೇಲೇ ಉಳಿಯಿತು.

ಅವನು ಬಾಗಿದ ಮೇಲೆ ನಾನು ಇನ್ನೊಮ್ಮೆ ಬಾಗಬೇಡವೇ? ಬಾಗಿದೆ. ನಾನು ಬಾಗಿದೆನೆಂದು ಅವನು ಇನ್ನೂ ತಗ್ಗಿ ಬಾಗಿದ. ಮೊದಲು ತಲೆ ಎತ್ತಿದವನಿಗೆ ಮರ್ಯಾದೆ ಇಲ್ಲ, ಇಬ್ಬರೂ ಎತ್ತುವಂತಿಲ್ಲ. ಸುಮಿಯೆಯೂ ಸೇರಿಕೊಂಡಳು. ಹೀಗೆ ನಾವು ಮೂವರೂ ಒರಳಿಗೆ ಮೂರು ಒನಕೆ ಬಿದ್ದಂತೆ ಏಳುತ್ತ ಬೀಳುತ್ತ ಇರುವಾಗ, ನಮ್ಮ ಹಿಂದಿನ ಗುಂಪು ಬಂತು. ಶಾಲೆಯ ಹುಡುಗಿಯರು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತ ಬಂದಿದ್ದವರು. ನಮ್ಮನ್ನು ನೋಡಿ ಅಳು ನಿಲ್ಲಿಸಿದರು.

“ಏ, ದೆವ್ವಕ್ಕೆ ಸಂಬಂಧ ಕುದುರ್ತು ಕಣೇ!” ಎಂದಳು ಒಬ್ಬಳು.

ಆ ನಗು ಇದೆಯಲ್ಲ, ಅದು ಕೋಣೆಯಿಂದ ಕೋಣೆಗೆ ಹೋಯಿತು. ಬಾವಿಯೊಳಗಿನ ತಲೆಯೂ ನಕ್ಕಿತು.

ಹೊರಗೆ ಕುರಾಮೊಚಿ ಸಾನ್ ಬೀಸಣಿಗೆ ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದಳು. ಎಲ್ಲವನ್ನೂ ಟಿವಿಯಲ್ಲಿ ನೋಡಿದ್ದಳು. ಚಿಹೊ ಕೂಡ ನೋಡಿದ್ದಳು.

“ಶುಂಪೆ ಸಾನ್,” ಎಂದಳು ಯಜಮಾನಿ, “ನನ್ನ ಮನೇಲಿ ಜನ ಅತ್ತಿದ್ದಾರೆ, ಓಡಿದ್ದಾರೆ, ಒಬ್ಬರು ನನ್ನ ಕಾಲು ಹಿಡ್ಕೊಂಡು ಹೊರಗೆ ಬಿಡಿ ಅಂದಿದ್ದಾರೆ. ನಕ್ಕಿದ್ದು ಇವತ್ತೇ ಮೊದಲು.”

“ತಪ್ಪು ನಂದೇ,” ಎಂದ ಹುಡುಗ. ಉದ್ದ ಕೂದಲಿನ ಟೋಪನ್ನನ್ನು ಸತ್ತ ಬೆಕ್ಕಿನಂತೆ ಎತ್ತಿಕೊಂಡಿದ್ದ.

ಚಿಹೊ ನನ್ನ ಹತ್ತಿರ ಬಂದಳು. “ಅಪ್ಪ,” ಎಂದಳು, ಇನ್ನೂ ಮೆಲ್ಲಗೆ, “ಯಾಕೆ ಕೂಗಲಿಲ್ಲ?”

“ಕೂಗಬಾರದು ಅಂತ ನೀನೇ ಅಂದ್ಯಲ್ಲಮ್ಮ, ನಾಜೂಕಾಗಿ.”

“ಮನೇಲಿ ಇರೋ ಹಾಗೆ ಇರಿ ಅಂದೆ.”

“ಅದೇ, ಅದರ ಅರ್ಥ—”

“ಅದರ ಅರ್ಥ ಅದೇ!” ಎಂದಳು ಚಿಹೊ. ಆಮೇಲೆ ಬಂದದ್ದು ನಾನು ಎಂದೂ ಕೇಳದ ದನಿ. ಅಲ್ಲ, ದಿನವೂ ಕೇಳಿದ ದನಿ, ನನ್ನದೇ ಗಂಟಲಿನ ಒಳಗಿನಿಂದ. “ಶಾಲೆ ಆಟದ ದಿನ ಮೇಷ್ಟರ ಮೇಲೆ ಕೂಗಿದ್ರಿ! ಅರ್ಧ ಮೀನಿಗೆ ಕೂಗಿದ್ರಿ! ಮಳೆ ಬರತ್ತೆ ಅಂದಿದ್ದಕ್ಕೆ ಟಿವಿಯವಳ ಮೇಲೆ ಕೂಗಿದ್ರಿ! ಜಪಾನಿನಲ್ಲೇ ಗಟ್ಟಿಯಾಗಿ ಕಿರುಚೋ ಮನುಷ್ಯ ನಮ್ಮಪ್ಪ, ಅವರೊಬ್ಬರು ಕಿರುಚಿದ್ರೆ ಶುಂಪೆ ಗೆದ್ದ ಹಾಗೇ ಅಂತ ಕರೆಸಿದ್ರೆ, ದೆವ್ವಕ್ಕೆ ಬೊಂಡಾಸ್ ಕೊಟ್ಟು ಅಡ್ಡಬೀಳ್ತೀರಾ-ಆ-ಆ?”

ಟಿಕೆಟಿಗೆ ನಿಂತಿದ್ದ ಸಾಲು ಹಿಂದೆ ಹಿಂದೆ ಸರಿದು ಮೆಟ್ಟಿಲಿಗೆ ಹೋಯಿತು. ಶಾಲೆಯ ಹುಡುಗಿಯರು ಮತ್ತೆ ತಬ್ಬಿಕೊಂಡು ಅಳತೊಡಗಿದರು. ಕೋಲು ಹಿಡಿದ ಒಬ್ಬ ಮುದುಕ ನಿಂತಲ್ಲೇ ಕೂತ. ನಾನು? ನನಗೇ ಗೊತ್ತಿಲ್ಲದಂತೆ ಸುಮಿಯೆಯ ಹಿಂದೆ ಹೋಗಿ ನಿಂತಿದ್ದೆ.

ಕುರಾಮೊಚಿ ಸಾನ್ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ ಚಿಹೊಳನ್ನು ಒಂದು ಸುತ್ತು ಹಾಕಿ ನೋಡಿದಳು.

“ಕೂದಲು ಕತ್ತರಿಸೋ ಕೆಲಸ ಬಿಡ್ತೀಯೇನಮ್ಮ?”

ಹೀಗೆ ನನ್ನ ಮಗಳು ಸತ್ತ ಮದುಮಗಳಾದಳು. ಶುಂಪೆಯನ್ನೂ ಬಿಡಲಿಲ್ಲ ಆ ಯಜಮಾನಿ. “ಇಷ್ಟು ಚೆಂದ ಬಾಗೋ ಹುಡುಗರು ಈಗ ಸಿಗಲ್ಲ. ಬಾಗಿಲಲ್ಲಿ ನಿಂತು ಬಂದವರಿಗೆ ವಂದನೆ ಹೇಳ್ಲಿ,” ಎಂದು ಖಾಯಂ ಮಾಡಿದಳು. ಕಾಗೊಶಿಮಾ ತಪ್ಪಿತು, ಮದುವೆ ಉಳಿಯಿತು. ಎಲ್ಲರೂ ಸಂತೋಷಪಡಬೇಕಾದ ವಿಷಯ. ಆದರೆ ಹುಡುಗ ಆ ಟೋಪನ್ನನ್ನು ಚಿಹೊಳ ತಲೆಗೆ ತೊಡಿಸಿ, ಎಳೆ ಎಳೆಯಾಗಿ ಮುಂದಕ್ಕೆ ಇಳಿಬಿಟ್ಟು, “ತೆವಳೋವಾಗ ಎಡಗೈ ಮೊದಲು,” ಎಂದು ಹೇಳಿಕೊಟ್ಟನಲ್ಲ, ಆಗ ನನಗೆ ಎದೆಯಲ್ಲಿ ಮುಳ್ಳು ಸಿಕ್ಕಿಕೊಂಡಂತಾಯಿತು. ಅಂಥ ದೆವ್ವವನ್ನು ನಾನು ಕೊಂದೆ.

ಸಂಜೆ ನಾಲ್ವರೂ ಕಾದ ಕಾವಲಿಯ ಸುತ್ತ ಕೂತು ಎಲೆಕೋಸಿನ ದಪ್ಪ ದೋಸೆ ತಿನ್ನುತ್ತಿದ್ದೆವು. ಚಿಹೊ ಕೈ ತೊಳೆಯಲು ಎದ್ದು ಹೋದಾಗ ಶುಂಪೆ ಮುಂದೆ ಬಾಗಿ ಕೇಳಿದ:

“ಅತ್ತೆ, ಒಂದು ಕೇಳ್ಲಾ? ಚಿಹೊ... ಮನೇಲೂ ಹೀಗೇನಾ?”

“ಇಲ್ಲಪ್ಪ, ಇವತ್ತೇ ಶುರುವಾಗಿದ್ದು,” ಎಂದಳು ಸುಮಿಯೆ. “ಹೆದರ್ಬೇಡ, ಅಭ್ಯಾಸ ಆಗತ್ತೆ. ಕೂಗೋಕೆ ಶುರುಮಾಡಿದ್ರೆ ಮೊದಲು ಕಿಟಕಿ ಮುಚ್ಚು. ಎದುರು ಮಾತಾಡಬೇಡ. ‘ನೀರು ಬೇಕಾ’ ಅಂತ ಕೇಳು. ಕುಡಿಯೋವಾಗ ಕೂಗೋಕಾಗಲ್ಲ ನೋಡು.”

ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ನಾನು ಕೂಗಿದಾಗಲೆಲ್ಲ ಸುಮಿಯೆ ನೀರು ಬೇಕಾ ಎಂದು ಕೇಳುತ್ತಿದ್ದಳು. ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ನನ್ನ ಗಂಟಲು ಒಣಗಿರುತ್ತದೆಂದು ಅವಳಿಗೆ ಎಷ್ಟು ಕಾಳಜಿ ಎಂದು ಬಂದರಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ.

ಅವಳ ಮುಖ ನೋಡಿದೆ. ಕಾವಲಿಯ ಹಬೆಯಲ್ಲಿ ಹುಡುಗನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಿದ್ದಳು, ಒಂದೇ ಕಾಯಿಲೆಯ ಹಳೆಯ ರೋಗಿ ಹೊಸ ರೋಗಿಗೆ ಬಡಿಸುವಂತೆ. ಅವಳಿಗೆ ಒಂದು ಮಾತು ಹೇಳಬೇಕು ಎನಿಸಿತು. ಜೀವನದಲ್ಲಿ ಯಾರಿಗೂ ಹೇಳದ, ಸಣ್ಣ ದನಿಯಲ್ಲಿ ಹೇಳಬೇಕಾದ ಮಾತು. ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆದೆ.

“ನೀರು ಬೇಕಾ?” ಎಂದಳು ಸುಮಿಯೆ.

ಶುಂಪೆ ಆಗಲೇ ಲೋಟ ತುಂಬಿಸಿ ನನ್ನ ಮುಂದೆ ಸರಿಸಿದ್ದ. ಕಲಿಯುವ ಹುಡುಗ. ತೆಗೆದುಕೊಂಡು ಕುಡಿದೆ. ಹೇಳಬೇಕಾದ್ದು ನೀರಿನ ಜೊತೆ ಒಳಗೆ ಹೋಯಿತು.