ತಕುವಾನನ ಹಸಿರು ಪೈಪು

ಈ ಭಾನುವಾರ ಸಂಜೆಯೊಳಗೆ ತಕುವಾನ್ ಎಂಬ ಆ ಪುಣ್ಯಾತ್ಮನನ್ನು ಹೆಂಡತಿಯ ಮನಸ್ಸಿನಿಂದ ಒರೆಸಿಹಾಕದಿದ್ದರೆ ತಾನು ಕುರಾಹಾಶಿ ಇಸಾಮುವೇ ಅಲ್ಲ ಎಂದು ಇಸಾಮು ಹಲ್ಲುಜ್ಜುತ್ತಲೇ ಶಪಥ ಮಾಡಿದ. ಬಾಯಿತುಂಬ ನೊರೆ ಇದ್ದುದರಿಂದ ಅದು ಯಾರಿಗೂ ಕೇಳಿಸಲಿಲ್ಲ. ಆದರೂ ಶಪಥ ಶಪಥವೇ!

ಅವನಿಗೆ ಈ ಪರಿ ಉರಿ ಹತ್ತಲು ಕಾರಣವಿತ್ತು. ಸಕಾಯಿ ಊರಿನಲ್ಲಿ ಪೈಪು ಎಂದರೆ ಇಸಾಮು. ಮೂವತ್ತಾರು ವರ್ಷ ಅಂಗಡಿಯಲ್ಲಿ ನಿಂತು ಕುಡಿಯುವ ನೀರಿನ ಪೈಪು, ಸ್ನಾನದ ನೀರಿನ ಪೈಪು, ಹೆಸರು ಹೇಳಬಾರದ ನೀರಿನ ಪೈಪು ಎಲ್ಲವನ್ನೂ ಮಾರಿದವನು. ಗೋಡೆಗೆ ಕಿವಿಯಿಟ್ಟು ಒಳಗಿನ ಪೈಪಿನ ವಯಸ್ಸು ಹೇಳಬಲ್ಲೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಇಂಥವನ ಮನೆಗೇ, ಹಾಡುಹಗಲಲ್ಲಿ, ಟೀವಿಯ ಮೂಲಕ ಪರಪುರುಷನ ಪೈಪು ನುಗ್ಗಿತು!

ಆದದ್ದಿಷ್ಟೆ. ಒಂದು ಹಳೆಯ ವಿಡಿಯೊ ಆಟ. ನರಿಮುಖದ, ಡೊಳ್ಳುಹೊಟ್ಟೆಯ ತಾನುಕಿ ಎಂಬ ಕಾಡುಪ್ರಾಣಿಯೊಂದು ಹಳ್ಳ ದಿಣ್ಣೆಗಳನ್ನು ಹಾರುತ್ತಾ ಓಡುತ್ತದೆ. ದಾರಿಯುದ್ದಕ್ಕೂ ನೆಲದಿಂದ ಎದ್ದು ನಿಂತ ದಪ್ಪ ಹಸಿರು ಪೈಪುಗಳು. ಒಂದರೊಳಗೆ ಧುಮುಕಿದರೆ ತಾನುಕಿ ಮತ್ತೆಲ್ಲೋ ಮೇಲೇಳುತ್ತದೆ. ಮುಂದೆ ಹನ್ನೊಂದು ಭಾಗಗಳು ಬಂದವು, ತಾನುಕಿಯ ಟೋಪಿ ಬದಲಾಯಿತು, ಧ್ವನಿ ಬದಲಾಯಿತು, ಪೈಪು ಮಾತ್ರ ಅದೇ ಪೈಪು. ಮೊದಲನೆಯ ಭಾಗವನ್ನು ಈಗ ಮತ್ತೆ ಮಾರಾಟಕ್ಕೆ ಬಿಟ್ಟಿದ್ದರು. ಅವನ ಹೆಂಡತಿ, ಐವತ್ತೆಂಟು ವರ್ಷದ ಸಾಯೊಕೊ ಅದನ್ನು ಕೊಂಡುತಂದು, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಕೂಡಲೇ ಟೀವಿಯ ಮುಂದೆ ಕೂರತೊಡಗಿದಳು.

ಮೊದಲ ದಿನವೇ ಇಸಾಮು ಹಿಂದೆ ನಿಂತು ನಕ್ಕ.

"ಇದೆಂಥಾ ಪೈಪೇ! ಬೋಲ್ಟಿಲ್ಲ, ಜಾಯಿಂಟಿಲ್ಲ. ನೀರು ಬಿಟ್ರೆ ಸೀದಾ ಪಕ್ಕದ ಮನೆಗೇ ಹೋಗುತ್ತೆ."

"ಅದರಲ್ಲಿ ನೀರು ಹೋಗಲ್ಲ ಕಣ್ರೀ, ತಾನುಕಿ ಹೋಗುತ್ತೆ."

"ಜನ್ಮದಲ್ಲಿ ಪೈಪು ನೋಡದೋನು ಯಾವನೋ ಬರೆದಿದಾನೆ."

ಸಾಯೊಕೊ ಆಟ ನಿಲ್ಲಿಸಿ ತಿರುಗಿದಳು. "ಬರೆದೋರಿಗೆ ಎಲ್ಲಾ ಗೊತ್ತಿತ್ತು. ಆ ಹಸಿರು ಕೂರಿಸೋಕೆ ಹದಿನಾರು ದಿನ ಹಿಡೀತು, ತಿಳ್ಕೊಳ್ಳಿ!"

"ನಿನಗೆ ಹೇಗೆ ಗೊತ್ತು?"

"ಗೊತ್ತು, ಅಷ್ಟೇ."

ಹೇಳಿದವಳ ಕೆನ್ನೆ ಕೆಂಪಾಗಿತ್ತು. ಇಸಾಮು ಅದನ್ನು ಗಮನಿಸಿದ. ಗಮನಿಸಬಾರದಿತ್ತು!

ಆಟ ಮುಗಿದಾಗ ಮಾಡಿದವರ ಹೆಸರುಗಳು ತೆರೆಯ ಮೇಲೆ ಸರಿದವು. ಒಳ್ಳೆಯ ಕೆಲಸಗಾರರನ್ನು ಎದುರು ಕಂಪನಿಯವರು ಹಾರಿಸಿಕೊಂಡು ಹೋದಾರೆಂಬ ಭಯಕ್ಕೆ ಆ ಕಾಲದಲ್ಲಿ ನಿಜ ಹೆಸರು ಹಾಕುತ್ತಿರಲಿಲ್ಲ, ಅಡ್ಡಹೆಸರು ಮಾತ್ರ. ಸಂಗೀತ: ಹಲ್ಲುನೋವು. ಲೆಕ್ಕಾಚಾರ: ಸೋಮವಾರ. ಕೊನೆಯಲ್ಲಿ, ಪೈಪು ಮತ್ತು ಮೋಡ: ತಕುವಾನ್. ಅಂದರೆ ಊಟಕ್ಕೆ ನಂಚಿಕೊಳ್ಳುವ ಹಳದಿ ಮೂಲಂಗಿ ಉಪ್ಪಿನಕಾಯಿ! ಆ ಹೆಸರು ಕಂಡದ್ದೇ ಸಾಯೊಕೊ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಗಂಡನ ಅಪೆಂಡಿಕ್ಸ್ ಕೊಯ್ದ ದಿನ ಆಸ್ಪತ್ರೆಯಲ್ಲಿ ಕೂತು, ಅವನಿಗೆಂದು ತಂದ ಕಿತ್ತಳೆಯನ್ನೆಲ್ಲ ಸುಲಿದು ತಾನೇ ತಿಂದ ಹೆಂಗಸು!

ಇಸಾಮುವಿನ ತಲೆ ಓಡಿತು. ಮದುವೆಗೆ ಮುಂಚೆ ಇವಳು ಯಾವುದೋ ಆಟಿಕೆ ಕಂಪನಿಯಲ್ಲಿದ್ದಳು. ಎಲ್ಲರಿಗೂ ಚಹಾ ಕೊಡುತ್ತಿದ್ದಳೇನೋ ಎಂದು ಅವನ ಅಂದಾಜು. ಸರಿ, ಈ ತಕುವಾನನಿಗೂ ಕೊಟ್ಟಿರಬೇಕು. ಒಂದು ಲೋಟ ಎರಡಾಗಿರಬೇಕು, ಎರಡು ಹದಿನಾರು ದಿನವಾಗಿರಬೇಕು!

ಮರುದಿನ ಅವಳು ಮಾರುಕಟ್ಟೆಗೆ ಹೋದಾಗ ಅವನು ಬಟ್ಟೆಯ ಕಪಾಟು ತಡಕಿದ. ಅಕ್ಕಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದು ಸಿಕ್ಕಿತು. ಒಳಗೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಚೌಕುಳಿ ಹಾಳೆಗಳು. ಪ್ರತಿ ಹಾಳೆಯಲ್ಲೂ ಒಂದೊಂದೇ ಚೌಕಕ್ಕೆ ಬಣ್ಣದ ಪೆನ್ಸಿಲ್ ತುಂಬಿ ಬರೆದ ಹಸಿರು ಪೈಪು. ಪ್ರತಿಯೊಂದರ ಕೆಳಗೂ ತಕುವಾನ್, ತಕುವಾನ್, ತಕುವಾನ್! ಇಸಾಮು ತನ್ನ ಜೀವನದಲ್ಲಿ ಹೆಂಡತಿಗೆ ಬರೆದ ಏಕೈಕ ಪತ್ರವನ್ನು ಅವಳು ಮಡಚಿ ಫ್ರಿಜ್ಜಿನ ಕುಂಟುಗಾಲಿಗೆ ಕೊಟ್ಟಿದ್ದಳು. ಅವನಿಗೆ ನಿಜಕ್ಕೂ ಸಂಕಟವಾಯಿತು. ಈ ಮನೆಯಲ್ಲಿ ಮೂವತ್ನಾಲ್ಕು ವರ್ಷ ತಾನು ಬಾಡಿಗೆಗೆ ಇದ್ದೆನೇ ಎನ್ನಿಸಿಬಿಟ್ಟಿತು.

ಅಂದಿನಿಂದ ಅವನು ಊಟದ ತಟ್ಟೆಯಲ್ಲಿ ತಕುವಾನ್ ಕಂಡರೆ ಸಾಕು, ಸೇಡಿನಿಂದ ಕರಕರ ಅಗಿಯತೊಡಗಿದ. "ಅಷ್ಟು ಇಷ್ಟಾನಾ? ಇನ್ನೂ ಹಾಕ್ತೀನಿ ಇರಿ" ಎಂದು ಅವಳು ಇನ್ನಷ್ಟು ಬಡಿಸಿದಳು. ಮೂರು ವಾರದಲ್ಲಿ ಶತ್ರುವಿಗೆ ಏನೂ ಆಗಲಿಲ್ಲ, ಇಸಾಮುವಿಗೆ ಹೊಟ್ಟೆಯುರಿಯ ಜೊತೆಗೆ ಎದೆಯುರಿಯೂ ಶುರುವಾಯಿತು.

ಆಗ ಹೊಳೆದದ್ದೇ ಭಾನುವಾರದ ಯೋಜನೆ. ಕಾಗದದ ಪೈಪಿಗೆ ಕರಗುವವಳು ನಿಜವಾದ ಪೈಪು ಕಂಡರೆ ಕಾಲಿಗೇ ಬೀಳಬೇಕು! ಸಾಯೊಕೊ ಕೂದಲು ಕತ್ತರಿಸಿಕೊಳ್ಳಲು ಹೊರಟ ಕೂಡಲೇ ಅವನು ಅಂಗಡಿಯ ಗಾಡಿಯಲ್ಲಿ ಆಳೆತ್ತರದ ಚರಂಡಿ ಪೈಪೊಂದನ್ನು ತಂದ. ತುದಿಗೆ ದಪ್ಪ ಅಂಚು ಕೂರಿಸಿದ. ಹಸಿರು ಬಳಿದ. ಹೊಳಪಿಗೆಂದು ಒಂದು ಬಿಳಿ ಗೆರೆಯನ್ನೂ ಎಳೆದ. ಆಮೇಲೆ ನೋಡುತ್ತಾನೆ, ಗೇಟು ಕಿರಿದು, ಪೈಪು ಹಿರಿದು. ಮೂವತ್ತಾರು ವರ್ಷ ಊರಿಗೆಲ್ಲ ಅಳತೆ ಕೊಟ್ಟವನು ಸ್ವಂತ ಗೇಟಿನ ಅಳತೆ ತೆಗೆದಿರಲಿಲ್ಲ!

ಗೋಡೆಯ ಮೇಲಿಂದ ದಾಟಿಸೋಣವೆಂದು ಎತ್ತಿದ. ಪೈಪು ಒಪ್ಪಲಿಲ್ಲ. ಕೈಯಿಂದ ಜಾರಿ ಇಳಿಜಾರಿನ ಓಣಿಗೆ ಉರುಳಿತು. ಬಿಸಿಲು ಚೆನ್ನಾಗಿದ್ದುದರಿಂದ ಕೆಳಮನೆಯ ನಿಶಿವಾಕಿ ಅಜ್ಜಿ ಮೂರು ಹಾಸಿಗೆಗಳನ್ನು ತಗ್ಗು ಗೋಡೆಯ ಮೇಲೆ ಒಣಹಾಕಿದ್ದರು. ಮೂರೂ ಬಿಳಿಯವು. ಪೈಪು ಒಂದನ್ನೂ ಬಿಡದೆ ಹಸಿರು ಪಟ್ಟಿ ಎಳೆದುಕೊಂಡು ಹೋಗಿ, ಅವರ ಬಾಗಿಲಲ್ಲಿ ನೆಟ್ಟಗೆ ನಿಂತಿತು!

ಅಜ್ಜಿ ಪೊರಕೆ ಹಿಡಿದು ಹೊರಬರುವುದಕ್ಕೂ, ಸಾಯೊಕೊ ಹೊಸ ಗುಂಗುರು ಕೂದಲಿನೊಂದಿಗೆ ಓಣಿ ಹತ್ತುವುದಕ್ಕೂ ಸರಿಹೋಯಿತು. ಅವಳು ಅಜ್ಜಿಗೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಆಮೇಲೆ ಪೈಪಿನ ಸುತ್ತ ಒಂದು ಸುತ್ತು ಬಂದಳು.

"ಹೊಳಪು ಎಡಗಡೆ ಬರಬೇಕಿತ್ತು ಕಣ್ರೀ. ನೀವು ಬಲಕ್ಕೆ ಎಳೆದಿದೀರ."

ಇಸಾಮುವಿನ ಮೂರು ವಾರದ ಕಟ್ಟೆ ಒಡೆಯಿತು. "ತಕುವಾನ್ ಆಗಿದ್ರೆ ಸರಿಯಾಗಿ ಎಳೀತಿದ್ದ, ಅಲ್ವಾ!"

ಸಾಯೊಕೊ ಅವನ ಮುಖವನ್ನೇ ನೋಡಿದಳು. "ಹೂಂ. ಕಣ್ಮುಚ್ಚಿ ಎಳೆಯೋದೇ."

"ಎಷ್ಟು ವರ್ಷದಿಂದ ನಡೀತಿದೆ ಇದು?"

"ನಿಮ್ಮನ್ನ ನೋಡೋಕೆ ಮುಂಚಿಂದ."

"ಈಗ್ಲೂ... ನೋಡ್ತಿರ್ತೀಯಾ?"

"ದಿನಾ. ಬೆಳಿಗ್ಗೆ ಮುಖ ತೊಳೆಯುವಾಗ."

ಜಗಳಕ್ಕೆಂದು ಬಂದಿದ್ದ ಅಜ್ಜಿ ಪೊರಕೆ ಕೆಳಗಿಟ್ಟು, ಹಾಸಿಗೆಯನ್ನು ಮಡಚಿ ಅದರ ಮೇಲೇ ಕೂತರು.

"ಎಲ್ಲಿದ್ದಾನೆ ಅವನು?" ಇಸಾಮು ಗುಡುಗಿದ.

"ನಮ್ಮನೇಲೇ!"

ಇಸಾಮು ಮನೆಗೆ ಓಡಿದ. ಹಾಸಿಗೆ ಇಡುವ ಕಪಾಟು ತೆರೆದ. ಸ್ನಾನದ ತೊಟ್ಟಿಯ ಮುಚ್ಚಳ ಎತ್ತಿದ. ಏದುಸಿರು ಬಿಡುತ್ತಾ ವಾಪಸು ಬಂದು, "ಯಾರೂ ಇಲ್ಲ!" ಎಂದ.

"ಅಯ್ಯೋ ದೇವರೇ, ಮಂಕು ಮಹಾರಾಯ!" ಎಂದರು ಅಜ್ಜಿ.

ಸಾಯೊಕೊ ಅವನು ಗೇಟಿನ ಬಳಿ ಬಿಟ್ಟಿದ್ದ ಬಿಳಿ ಬಣ್ಣದ ಬ್ರಷ್ ತಂದು ಪೈಪಿನ ಎಡಗಡೆ ಒಂದೇ ಏಟಿಗೆ ಬಿಳಿ ಗೆರೆ ಎಳೆದಳು. ಚರಂಡಿ ಪೈಪು ಥಟ್ಟನೆ ಟೀವಿಯ ಪೈಪಾಯಿತು. ಕೆಳಗೆ ಪುಟ್ಟದಾಗಿ ತಕುವಾನ್ ಎಂದು ಬರೆದಳು. ಡಬ್ಬಿಯ ಹಾಳೆಗಳಲ್ಲಿದ್ದ ಅದೇ ಅಕ್ಷರ.

ಇಸಾಮು ಕೂತುಬಿಟ್ಟ. "ನೀನಾ?"

"ನಾನೇ."

"ಮೂವತ್ನಾಲ್ಕು ವರ್ಷದಲ್ಲಿ ಒಂದು ಮಾತು ಹೇಳಬಾರದಿತ್ತಾ!"

"ಹೇಳಿದ್ದೆ. ಹೋಟೆಲಲ್ಲಿ ನನ್ನ ನೋಡೋಕೆ ಬಂದಿದ್ರಲ್ಲ, ಅವತ್ತೇ. 'ನಾನು ಪೈಪು ಬರೀತೀನಿ' ಅಂದೆ. 'ಪೈಪಿನ ವಿಷಯ ನನಗೆ ಬಿಟ್ಟುಬಿಡಿ' ಅಂದ್ರಿ. ಆಮೇಲೆ ಎರಡು ಗಂಟೆ ನೀವೇ ಮಾತಾಡಿದ್ರಿ. ಮದುವೆ ಆಯ್ತು, ಕೆಲಸ ಬಿಟ್ಟೆ. ಮತ್ತೆ ನೀವು ಕೇಳ್ಲೇ ಇಲ್ಲ."

ಇಸಾಮುವಿಗೆ ಮುಖ ಎತ್ತಲು ನಾಚಿಕೆಯಾಯಿತು. ಇಷ್ಟು ದಿನ ತಾನು ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಹೆಂಡತಿಯ ಮೇಲೆಯೇ! ಅವನು ಹಸಿರಾದ ತನ್ನ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಕೊನೆಗೆ, ಪೈಪಿನ ವಿಷಯವಾಗಿ ಜೀವನದಲ್ಲೇ ಮೊದಲ ಬಾರಿಗೆ, ಒಂದು ಪ್ರಶ್ನೆ ಕೇಳಿದ.

"ಆ ಹಸಿರು... ಅದನ್ನ ಹೇಗೆ ಮಾಡಿದೆ?"

ಸಾಯೊಕೊ ಅಜ್ಜಿಯ ಪಕ್ಕದಲ್ಲಿ ಹಾಸಿಗೆಯ ಮೇಲೆ ಆರಾಮಾಗಿ ಕೂತಳು.

"ಬಾಯ್ಮುಚ್ಕೊಂಡು ಕೇಳಿ. ಎರಡು ಗಂಟೆ ಹಿಡಿಯುತ್ತೆ."