ಅರ್ಧ ಸೌಟು ಪಾಯಸ

ಅರ್ಜಿ ನುಂಗಿದ ಆಫೀಸಿನಿಂದ ಉತ್ತರ ಕಕ್ಕಿಸಬಹುದು. ಪಾಯಸ ಕಂಡ ಗಂಡನನ್ನು ತಡೆಯಲಿಕ್ಕೆ ಮಾತ್ರ ನನ್ನಿಂದ ಆಗಲಿಲ್ಲ. ನಮ್ಮ ಮನೆಯಲ್ಲಿ ಸಿಹಿಯ ಗಲಾಟೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಯಾರಿರುತ್ತದೆ.

೧. ಬಂದ್

ಇವರ ಕಾಲ್ಬೆರಳಿನ ಗಾಯ ಎರಡು ತಿಂಗಳಾದರೂ ಒಣಗಲಿಲ್ಲ. ಪರೀಕ್ಷೆ ಮಾಡಿದರೆ ಸಕ್ಕರೆ ಕಾಯಿಲೆ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದರು ಮೂಡಬಿದಿರೆಯ ಡಾಕ್ಟರಮ್ಮ. ಬೀಡಿ ಕಟ್ಟುತ್ತಾ ಪೇಪರ್ ಓದಿ ಹೋರಾಟ ಕಲಿತವಳು ನಾನು. ನನಗೆ ಗೊತ್ತಿದ್ದ ಮದ್ದು ಒಂದೇ. ಮನೆಯಲ್ಲಿ ಸಿಹಿ ಪೂರ್ತಿ ಬಂದ್!

ಅಂದಿನಿಂದ ನಮ್ಮೂರು ಪುತ್ತಿಗೆಯಲ್ಲಿ ಯಾರ ಮನೆಯಲ್ಲಿ ಊಟವಿದ್ದರೂ ಇವರು ಅಡುಗೆಯ ಸಹಾಯಕ್ಕೆ ಹೊರಟರು. ನನಗೆ ಹೆಮ್ಮೆ. ಒಂದು ದಿನ ಹಿಂಬಾಗಿಲಿನಿಂದ ಹೋಗಿ ನೋಡಿದರೆ ಕೈಯಲ್ಲಿ ಸೌಟು, ಮೀಸೆಯಲ್ಲಿ ಪಾಯಸ.

"ಇದೆಂಥದ್ದು?"

"ಬೆಲ್ಲ ಕರಗಿದೆಯಾ ಅಂತ ನೋಡಿದ್ದು ಮಾರಾಯ್ತಿ."

"ಎಷ್ಟು ಸಲ?"

"ಕರಗುವವರೆಗೆ."

೨. ಧರಣಿ

ಡಾಕ್ಟರಮ್ಮನಿಗೆ ದೂರು ಕೊಟ್ಟೆ. ಅವರು ನನಗೇ ಬೈದರು. "ಬಂದ್ ಮಾಡಿದರೆ ಕದ್ದು ತಿಂತಾರೆ. ವಾರಕ್ಕೊಂದು ದಿನ ಊಟದ ಜೊತೆ ಅರ್ಧ ಸೌಟು ಕೊಡಿ. ಅವತ್ತು ಅನ್ನ ಕಡಿಮೆ, ಪಲ್ಯ ಜಾಸ್ತಿ. ಕೂತು, ನಿಧಾನಕ್ಕೆ, ರುಚಿ ನೋಡಿಕೊಂಡು ತಿನ್ನಲಿ."

ಇವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಅರ್ಧ ಸೌಟಿಗೆ ಮುಕ್ಕಾಲು ಗಂಟೆ!

"ಇನ್ನೂ ಮುಗಿಯಲಿಲ್ವಾ? ನನಗೆ ಪಾತ್ರೆ ತೊಳೆಯಲಿಕ್ಕುಂಟು."

"ನೀನು ಧರಣಿ ಕೂತಾಗ ನಾನು ಒಮ್ಮೆಯಾದರೂ ಎಬ್ಬಿಸಿದ್ದುಂಟಾ?"

೩. ಪಂಕ್ತಿ

ಬೆಳ್ತಂಗಡಿಯಲ್ಲೊಂದು ಮದುವೆ. ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿದು 'ಬೇಡ' ಎಂದರೆ ಅದನ್ನು ಬರೀ ಸಂಕೋಚ ಎಂದುಕೊಂಡು ಇನ್ನೊಂದು ಸೌಟು ಸುರಿಯುತ್ತಾರೆ. ಈ ಒತ್ತಾಯಕ್ಕೆ ಉಪಚಾರ ಎಂದು ಹೆಸರು! ನಾನು ಎದ್ದು ನಿಂತೆ.

"ಇವರಿಗೆ ಅರ್ಧ ಸೌಟು! ಹೆಚ್ಚು ಹಾಕಿದರೆ ಊಟ ಬಿಟ್ಟು ಏಳ್ತೇನೆ."

ಬಡಿಸುವವನು ಹೆದರಿ ಅರ್ಧವೇ ಹಾಕಿದ. ಸಾಲಿನ ಕೊನೆಯವರೆಗೆ ಹೋಗಿ, ತಿರುಗಿ ಬಂದು ಇನ್ನರ್ಧಕ್ಕೆ ಸೌಟು ಎತ್ತಿದ. ಅದನ್ನು ನನ್ನ ಎಲೆಗೆ ಹಾಕಿಸಿಕೊಂಡೆ. ಮತ್ತೆ ಬಂದ. ಅದನ್ನೂ ನನ್ನ ಎಲೆಗೇ. ನಾಲ್ಕನೇ ಸಲ ಅವನ ಕೈ ಹಿಡಿದೆ.

"ಅಕ್ಕಾ, ಅರ್ಧ ಅಂದಿರಿ. ಒಂದೇ ಸಲ ಅಂತ ಹೇಳಲೇ ಇಲ್ಲವಲ್ಲ!"

೪. ಪಾಲು

ಗಾಯ ಒಣಗಿತು. ಬೆರಳು ಉಳಿಯಿತು. ಡಾಕ್ಟರಮ್ಮ ಕಾಲು ನೋಡಿ ನಕ್ಕಾಗ ನನಗೆ ಅಳು ಬಂತು. ಅದು ಕಾಣಬಾರದೆಂದು, ಕಿಟಕಿ ಯಾಕೆ ಇಷ್ಟು ಕೊಳಕು ಎಂದು ಜಗಳ ತೆಗೆದೆ.

"ನಿಮ್ಮದೂ ಒಮ್ಮೆ ನೋಡುವ," ಎಂದು ಅವರು ನನ್ನ ಕೈಬೆರಳು ಚುಚ್ಚಿದರು. ನೋಡಿದರೆ ನನ್ನ ಸಕ್ಕರೆ ಇವರದ್ದಕ್ಕಿಂತ ಮೇಲೆ!

"ಅರ್ಧ ಸೌಟು ಇವರಿಗೆ. ಮನೆಯಲ್ಲಿ ಉಳಿದ ಪಾಯಸ ಯಾರಿಗೆ?"

"ಹಾಳು ಮಾಡುವುದುಂಟಾ? ಪಾತ್ರೆ ತೊಳೆಯುವಾಗ ನಾನೇ..."

"ಕೂತು, ನಿಧಾನಕ್ಕೆ?"

"ನಿಂತು. ಒಂದೇ ಗುಟುಕಿಗೆ."

ಇವರು ನಡುವೆ ಬಾಯಿ ಹಾಕಿದರು. "ಡಾಕ್ಟ್ರೇ, ಇವಳಿಗೆ ಬಂದ್ ಮಾತ್ರ ಹೇಳಬೇಡಿ. ಅದರ ಕಷ್ಟ ನನಗೆ ಗೊತ್ತುಂಟು."

ಆ ಭಾನುವಾರ ಇವರು ತಮ್ಮ ಅರ್ಧ ಸೌಟನ್ನು ಎರಡು ಬಟ್ಟಲಿಗೆ ಪಾಲು ಮಾಡಿದರು. "ಪಾತ್ರೆ ಆಮೇಲೆ ತೊಳೆಯುವ. ಕೂತುಕೋ. ನಿಧಾನಕ್ಕೆ ತಿನ್ನು."

ಬಟ್ಟಲು ನೋಡಿದೆ. ಪಾಲಿನಲ್ಲಿ ಮೋಸ ಆಗಿತ್ತು, ನನ್ನದರಲ್ಲಿ ಜಾಸ್ತಿ ಇತ್ತು. ಕಣ್ಣೆದುರೇ ಅನ್ಯಾಯ ನಡೆದರೂ, ಬದುಕಿನಲ್ಲಿ ಮೊದಲ ಸಲ, ನಾನು ಬಾಯಿ ಮುಚ್ಚಿಕೊಂಡು ತಿಂದೆ.