ಗಂಟಲಿಗೂ ಎದೆಗೂ ಒಂದು ಗೇಣು

ನಮ್ಮ ಮನೆಯಲ್ಲಿ ಮಾತ್ರೆಗಳನ್ನು ಎಸೆಯುವ ಪದ್ಧತಿಯಿಲ್ಲ. ಜ್ವರ ಇಳಿದ ಕೂಡಲೇ ಅವು ನಿವೃತ್ತಿಯಾಗಿ ಫ್ರಿಜ್ಜಿನ ಮೇಲಿನ ಬಿಸ್ಕತ್ ಡಬ್ಬಿ ಸೇರುತ್ತವೆ. ಆ ಡಬ್ಬಿಯ ಏಕೈಕ ಆಡಳಿತಾಧಿಕಾರಿ ನಾನು. ಅರ್ಹತೆ: ಬಿ.ಎಸ್ಸಿ.

ಪದ್ಮನಾಭನಗರದ ನಮ್ಮ ಮನೆಗೆ ಬಂದಿದ್ದ ಮಾವನವರಿಗೆ ನೆಗಡಿ, ಗಂಟಲು ನೋವು ಶುರುವಾಯಿತು. ಡಬ್ಬಿ ತೆರೆದೆ. ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್! ದಿನಕ್ಕೊಂದರಂತೆ ಮೂರು ದಿನದ ಕೋರ್ಸು. ನಾನು ಉಳಿಸಿದ್ದು ಒಂದು, ಹೆಂಡತಿ ಸುಮಾ ಉಳಿಸಿದ್ದು ಒಂದು, ಕಾಲೇಜಿಗೆ ಹೋಗುವ ಮಗಳು ಉಳಿಸಿದ್ದು ಒಂದು. ಮೂವರ ಅರೆಬರೆ ಕೋರ್ಸು ಸೇರಿ ಒಂದು ಪೂರ್ಣ ಕೋರ್ಸು!

"ರೀ, ಅಪ್ಪ ಎದೆಬಡಿತಕ್ಕೆ ಮಾತ್ರೆ ತಗೋತಾರೆ. ಡಾಕ್ಟ್ರನ್ನ ಒಂದ್ಮಾತು ಕೇಳಿ," ಎಂದಳು ಸುಮಾ.

"ಅದು ಎದೆಗೆ, ಇದು ಗಂಟಲಿಗೆ. ಮಧ್ಯೆ ಒಂದು ಗೇಣು ಜಾಗ ಇದೆ ಕಣೇ!"

"ಅಳಿಯಂದ್ರು ಓದಿದೋರು, ಸುಮ್ನಿರಮ್ಮ," ಎಂದು ಮಾವ ಗುಟುಕು ನೀರಿನಲ್ಲಿ ನುಂಗಿಯೇಬಿಟ್ಟರು.

ಎರಡನೆಯ ದಿನ ಎರಡನೆಯ ಮಾತ್ರೆಯೂ ಆಯಿತು. ಸಂಜೆ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಹೊರಟೆವು. ಮಾವ ಮಾತನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ತೋಳು ಹಿಡಿದರು. "ಅಳಿಯಂದ್ರೇ, ಎದೆ ಒಂಥರಾ ಹಾರ್ತಿದೆ," ಎಂದವರೇ ಬೆಂಚಿನ ಮೇಲೆ ಕುಸಿದರು. ಕಣ್ಣು ಮೇಲಾಯಿತು. ಎಷ್ಟು ಸೆಕೆಂಡೋ ತಿಳಿಯದು. ಆ ಹೊತ್ತಿನಲ್ಲಿ ನನಗೆ ಖಚಿತವಾಗಿ ತಿಳಿದಿದ್ದು ಒಂದೇ: ಬೆಂಚು ಗ್ರಾನೈಟಿನದು. ಈಗಲೂ ಆ ಬೆಂಚು ಕಣ್ಣ ಮುಂದೆ ಬರುತ್ತದೆ.

ಮಾವ ಕಣ್ಣು ತೆರೆದ ಕೂಡಲೇ ಆಟೋ ಹಿಡಿದು ಆಸ್ಪತ್ರೆ ಸೇರಿದೆವು. ಇಸಿಜಿ ನೋಡಿದ ಡಾಕ್ಟರಮ್ಮ, "ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡ್ರಾ?" ಎಂದರು.

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಮನೆಯಿಂದ ಓಡಿ ಬಂದ ಸುಮಾ ಡಬ್ಬಿಯನ್ನೇ ತಂದಿದ್ದಳು!

"ಒಳ್ಳೇ ಮಾತ್ರೇನೇ. ಕೆಲವು ಬ್ಯಾಕ್ಟೀರಿಯಾ ಸೋಂಕಿಗೆ ನಾವೇ ಬರೀತೀವಿ. ಆದ್ರೆ ನೆಗಡಿ ವೈರಸ್ಸಿಂದ ಬರೋದು, ಅದಕ್ಕೆ ಇದು ಕೆಲಸ ಮಾಡಲ್ಲ. ಇವರ ಹಾರ್ಟ್ ಮಾತ್ರೆ ಜೊತೆ ಸೇರಿದ್ರೆ ಬಡಿತದ ಲಯಾನೇ ತಪ್ಪಬಹುದು, ಜೀವಕ್ಕೇ ಅಪಾಯ. ಯಾರು ಕೊಟ್ಟಿದ್ದು?"

"ನಮ್ಮ ಅಳಿಯಂದ್ರು. ಬಿ.ಎಸ್ಸಿ.," ಎಂದರು ಮಾವ, ಮಲಗಿದ್ದಲ್ಲಿಂದಲೇ, ಹೆಮ್ಮೆಯಿಂದ.

"ಯಾವ ಸಬ್ಜೆಕ್ಟ್ ಸಾರ್?"

"ಜಿಯಾಲಜಿ," ಎಂದೆ.

ಮಾವನ ಎದೆಗೆ ಜೋಡಿಸಿದ್ದ ಮಾನಿಟರ್ ಬೀಪ್ ಎಂದಿತು.

ಎರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮಾನಿಟರಿನ ಆ ಹಸಿರು ಗೆರೆಯನ್ನು ಓದಿದಷ್ಟು ನಾನು ಡಿಗ್ರಿಗೂ ಓದಿರಲಿಲ್ಲ.

ಮುಂದಿನ ವಾರ ನನಗೇ ಗಂಟಲು ನೋವು. ಡಬ್ಬಿಯತ್ತ ಕಣ್ಣೆತ್ತದೆ, ಚಪ್ಪಲಿ ಮೆಟ್ಟಿ ಕ್ಲಿನಿಕ್ಕಿಗೆ ಹೊರಟೆ. ಮಾವ ಸ್ವೆಟರ್ ಹಾಕಿಕೊಂಡು ಎದ್ದರು.

"ನೀವ್ಯಾಕೆ ಮಾವ? ರೆಸ್ಟ್ ತಗೊಳ್ಳಿ."

"ಇರ್ಲಿ ಬನ್ನಿ ಅಳಿಯಂದ್ರೇ. ತಿಳಿದೋರು ಒಬ್ರು ಜೊತೇಲಿರಬೇಕು!"